ನಾರು ತೆಗೆದ ಎಲೆ

ಹಸಿರು ಪೆಟ್ಟಿಗೆ ಇದ್ದ ಜಾಗದಲ್ಲಿ ಈಗ ಎರಡು ವೀಳ್ಯದೆಲೆ ಇದ್ದವು. ಎಲೆಯ ಮೇಲೆ ಸಣ್ಣಗೆ ಹೆರೆದ ಅಡಿಕೆ. ಪಕ್ಕದಲ್ಲಿ ನಾಲ್ಕು ಅಕ್ಕಿ ಕಾಳು.

ಸೊರಬದ ಪ್ರವಾಸಿ ಬಂಗಲೆಯ ಆ ಕೋಣೆಯಲ್ಲಿ ಬೇರೆ ಯಾವುದಕ್ಕೂ ಕಳ್ಳನ ಕೈ ತಾಗಿರಲಿಲ್ಲ. ಮೇಜಿನ ಮೇಲೆ ಡಾಕ್ಟರ್ ನಿರ್ಮಲಮ್ಮನವರ ಕೈಗಡಿಯಾರ ಇತ್ತು. ಹೊಳೆಯುವ ಕತ್ತರಿ, ಚಿಮಟಗಳು ಇದ್ದವು. ಗೋಡೆಯ ಪಕ್ಕದ ಕೆಂಪು ಪೆಟ್ಟಿಗೆಯೂ ಇದ್ದ ಹಾಗೇ ಇತ್ತು. ಹೋಗಿದ್ದು ಹಸಿರು ಪೆಟ್ಟಿಗೆಯೊಂದೇ.

ಸೊರಬ ಠಾಣೆಯ ದಫೇದಾರ ಉಜ್ಜಪ್ಪ ಮೊಣಕಾಲೂರಿ ಕೂತು ಎಲೆಯನ್ನು ನೋಡಿದ. ಹಾಗೆ ಕೂರುವುದು ಅವನಿಗೆ ಸುಲಭದ ಕೆಲಸವಲ್ಲ. ಐವತ್ತರ ಹತ್ತಿರದ ವಯಸ್ಸು, ಮುಂದಕ್ಕೆ ಬಂದ ಹೊಟ್ಟೆ, ಅದನ್ನು ತಡೆಯಲು ಹೆಣಗುವ ಸರ್ಕಾರಿ ಬೆಲ್ಟು. ಆದರೆ ಕಣ್ಣು ಚುರುಕು. ಊರಲ್ಲಿ ಕೋಳಿ ಕಳುವಾದರೂ ಜನ ಸಬ್ ಇನ್ಸ್‌ಪೆಕ್ಟರ್ ಸಾಹೇಬರನ್ನು ಬಿಟ್ಟು ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಸಾಹೇಬರಿಗೂ ಅದರಿಂದ ಬೇಜಾರಿರಲಿಲ್ಲ. ಅವರಿಗೆ ಕೋಳಿ ಎಂದರೆ ಊಟದ ವಿಷಯ ಮಾತ್ರ.

ಬಂಗಲೆಯ ಕೆಲಸದಾಳು ಮೇಟಿ, ಬಾಗಿಲ ಹತ್ತಿರ ನಿಂತು ನಡುಗುತ್ತಿದ್ದ. ನೀರು ಕಾಯಿಸಲು ಹಿಂಬಾಗಿಲು ತೆರೆದು ಸೌದೆ ತರಲು ಹೋಗಿದ್ದನಂತೆ. ಆಗಿನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಡಾಕ್ಟರು ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಹಿಂದಿನ ದಿನ ಸಂತೆ. ಬಸ್ಸು ತಪ್ಪಿದವರು ಏಳೆಂಟು ಜನ ಬಂಗಲೆಯ ಜಗಲಿಯಲ್ಲೇ ಕಂಬಳಿ ಹೊದ್ದು ಮಲಗಿದ್ದರು. ಮುಖ ಯಾರದೂ ಕಾಣಲಿಲ್ಲ. ಬೆಳಕು ಹರಿದ ಮೇಲೆ ನೋಡಿದರೆ ಎಲ್ಲರೂ ಎದ್ದು ಹೋಗಿದ್ದರು.

ಉಜ್ಜಪ್ಪ ಎಲೆಗಳನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಆ ಎಲೆಯನ್ನು ಎಲ್ಲೋ ನೋಡಿದ ಹಾಗೆನಿಸಿತು. ಎಲೆ ಎಲ್ಲ ಒಂದೇ ಥರ ತಾನೇ ಎಂದು ಸುಮ್ಮನಾದ. ಅವನಿಗೆ ಎಲೆ ಅಡಿಕೆಯ ಚಟ ಇರಲಿಲ್ಲ.

ಡಾಕ್ಟರ್ ನಿರ್ಮಲಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಬೆಂಗಳೂರಿನಿಂದ ಬಂದು ತಿಂಗಳಾಗಿತ್ತು. ೧೯೫೯ರ ಫೆಬ್ರವರಿಯ ಬಿಸಿಲಿಗೆ ಮುಖ ಕಂದಿತ್ತು. ಅವರ ಕೆಲಸ ಕೇಳಿ ಮೊದಮೊದಲು ಜನ ನಕ್ಕಿದ್ದರು. ಊರೂರು ತಿರುಗಿ ಜನರ ಬಾಯಿ ತೆರೆಸಿ ನೋಡುವುದು. ಬಾಯಿಯ ಕ್ಯಾನ್ಸರ್ ಪೇಟೆಯಲ್ಲಿ ಹೆಚ್ಚೋ, ಹಳ್ಳಿಯಲ್ಲಿ ಹೆಚ್ಚೋ ಎಂದು ಲೆಕ್ಕ ಹಾಕುವುದು. ಪೇಟೆ ಎಂದರೆ ಶಿಕಾರಿಪುರ. ಹಳ್ಳಿ ಎಂದರೆ ಸೊರಬ ತಾಲ್ಲೂಕಿನ ಹಳ್ಳಿಗಳು. ಅನುಮಾನದ ಹುಣ್ಣು ಕಂಡರೆ ಹೆಸರುಕಾಳಿನಷ್ಟು ಮಾಂಸ ಕತ್ತರಿಸಿ, ಔಷಧಿ ತುಂಬಿದ ಸೀಸೆಯಲ್ಲಿ ಹಾಕಿ ಇಡುತ್ತಿದ್ದರು. ಪೇಟೆಯ ಸೀಸೆಗಳು ಕೆಂಪು ಪೆಟ್ಟಿಗೆಯಲ್ಲಿ, ಹಳ್ಳಿಯವು ಹಸಿರು ಪೆಟ್ಟಿಗೆಯಲ್ಲಿ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೇ ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯುವುದು.

ಪೇಟೆಯಲ್ಲಿ ಸಾವಿರ ಬಾಯಿಗೆ ಎಂಟು ಕೆಟ್ಟ ಹುಣ್ಣು ಸಿಕ್ಕಿದ್ದವಂತೆ. ಹಳ್ಳಿಯಲ್ಲಿ ಎರಡೇ. ಅಲ್ಲದೆ ಆಸ್ಪತ್ರೆಯ ಹಳೆಯ ಲೆಕ್ಕ ನೋಡಿದರೆ ಪೇಟೆಯಲ್ಲಿ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಹಳ್ಳಿಯಲ್ಲಿ ಏರಿಕೆಯೇ ಇಲ್ಲ. ಎರಡು ಕಡೆಯೂ ತಿನ್ನುವುದು ಅದೇ ಎಲೆ, ಅದೇ ಹೊಗೆಸೊಪ್ಪು. ಇದೇಕೆ ಹೀಗೆ ಎಂದು ನಿರ್ಮಲಮ್ಮನವರಿಗೆ ತಲೆ ಕೆಟ್ಟುಹೋಗಿತ್ತು. ಈಗ ಹಳ್ಳಿಯ ಆ ಎರಡಕ್ಕೂ ಆಧಾರವಿಲ್ಲ. ಹಸಿರು ಪೆಟ್ಟಿಗೆ ಇಲ್ಲದೆ ಹೋದರೆ ಹಳ್ಳಿಯಲ್ಲಿ ರೋಗವೇ ಇಲ್ಲ ಎಂದು ಬರೆಯಬೇಕಾಗುತ್ತದೆ. ಹಾಗೆ ಬರೆದರೆ ಈ ಕಡೆಗೆ ಮತ್ತೆ ಯಾವ ಡಾಕ್ಟರೂ ಬರುವುದಿಲ್ಲ.

ಉಜ್ಜಪ್ಪನಿಗೆ ಈ ಲೆಕ್ಕಕ್ಕಿಂತ ಹತ್ತಿರದ ಚಿಂತೆ ಒಂದಿತ್ತು. ಆ ಪೆಟ್ಟಿಗೆಯ ಒಂದು ಸೀಸೆಯಲ್ಲಿ ಇದ್ದದ್ದು ಅವನ ಅಕ್ಕ ತುಂಗಮ್ಮನ ಕೆನ್ನೆಯ ತುಂಡು.

ತಾಯಿ ತೀರಿದಾಗ ಉಜ್ಜಪ್ಪ ಇನ್ನೂ ಅಂಬೆಗಾಲಿನ ಕೂಸು. ಎತ್ತಿ ಬೆಳೆಸಿದವಳು ಅಕ್ಕ. ಮದುವೆಯಾಗಿ ಚಂದ್ರಗುತ್ತಿಗೆ ಹೋಗುವಾಗ ಇವನನ್ನು ಸೊಂಟದ ಮೇಲೆ ಇಟ್ಟುಕೊಂಡೇ ಗಂಡನ ಮನೆಯ ಹೊಸ್ತಿಲು ದಾಟಿದ್ದಳು. ಅಂಥ ಅಕ್ಕನನ್ನು ಹದಿನೈದು ದಿನ ಗೋಗರೆದು ಇಲ್ಲಿಗೆ ಕರೆತಂದು ಬಾಯಿ ತೋರಿಸಿದ್ದ. ಇದೊಂದೇ ಸಲ, ಇನ್ನೊಂದು ಸಲ ಕತ್ತರಿ ಹಿಡಿದರೆ ಬಾಯಿ ತೆರೆಯುವುದಿಲ್ಲ ಎಂದು ಅವಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಅವಳು ಹೇಳಿದ ಮಾತು ಬದಲಿಸಿದ್ದನ್ನು ಉಜ್ಜಪ್ಪ ಈ ಜನ್ಮದಲ್ಲಿ ಕಂಡಿರಲಿಲ್ಲ.

"ನಿಮ್ಮಕ್ಕನ ಹುಣ್ಣು ಚಿಕ್ಕದು, ದಫೇದಾರ್ರೆ," ಎಂದರು ನಿರ್ಮಲಮ್ಮ. "ಈಗಲೇ ಖಚಿತ ಆದರೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸ್ತೀನಿ. ಉಳೀತಾರೆ. ತಡ ಆದರೆ ನಾನು ಮಾತು ಕೊಡಲಾರೆ."

ಅವರ ಜೀಪು ನಾಳೆ ಮಧ್ಯಾಹ್ನ ಹೊರಡಬೇಕಿತ್ತು. ಅಲ್ಲಿಯವರೆಗೆ ಕಾಯುವುದಾಗಿ ಹೇಳಿದರು.

* * *

ಸಬ್ ಇನ್ಸ್‌ಪೆಕ್ಟರ್ ಸಾಹೇಬರಿಗೆ ಕಳ್ಳ ಯಾರೆಂದು ಚಹಾ ಕುಡಿಯುವಷ್ಟರಲ್ಲೇ ಹೊಳೆದಿತ್ತು. ಕ್ಯಾಸನೂರಿನವರು. ಎರಡು ವರ್ಷದ ಹಿಂದೆ ಅಲ್ಲಿ ಕಾಡಿನ ಮಂಗಗಳು ಸತ್ತು ಬಿದ್ದು, ಜನಕ್ಕೂ ಜ್ವರ ಹತ್ತಿ, ಎಲ್ಲೆಲ್ಲಿಂದಲೋ ಡಾಕ್ಟರುಗಳು ಬಂದು ಮನೆಮನೆಯಲ್ಲಿ ರಕ್ತ ತೆಗೆದುಕೊಂಡು ಹೋಗಿದ್ದರು. ಅಂದಿನಿಂದ ಸೂಜಿ ಹಿಡಿದವರನ್ನು ಕಂಡರೆ ಅಲ್ಲಿನವರು ಮುಖ ತಿರುಗಿಸುತ್ತಿದ್ದರು. ಸಿಟ್ಟಿಗೆ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಹೊಳೆಗೆ ಎಸೆದಿರುತ್ತಾರೆ ಎಂದರು ಸಾಹೇಬರು.

ಉಜ್ಜಪ್ಪ ಕ್ಯಾಸನೂರಿಗೆ ಸೈಕಲ್ ತುಳಿದ. ಏರಿನಲ್ಲಿ ಸೈಕಲನ್ನು ತಳ್ಳಿದ, ಇಳಿಜಾರಿನಲ್ಲಿ ದೇವರನ್ನು ನೆನೆದ. ಊರ ಅಂಚಿನ ಮೊದಲ ಮನೆ ಮೂಕಮ್ಮನದು. ಹೆಸರು ಹೀಗಿದ್ದರೂ ಆ ಊರಿನಲ್ಲಿ ಅವಳಷ್ಟು ಮಾತಾಡುವವರು ಬೇರೆ ಇರಲಿಲ್ಲ. ಅವಳು ಮಜ್ಜಿಗೆ ಕೊಟ್ಟಳು. ನಿನ್ನೆಯ ಸಂತೆಗೆ ಈ ಊರಿಂದ ಯಾರೂ ಹೋಗಿಲ್ಲ, ಊರಿನಲ್ಲಿ ಒಂದು ಸಾವಾಗಿತ್ತು, ಎಲ್ಲರೂ ಮಣ್ಣಿಗೆ ಹೋಗಿದ್ದರು ಎಂದಳು. ಅಕ್ಕಪಕ್ಕದ ಮನೆಯವರೂ ಅದನ್ನೇ ಹೇಳಿದರು. ಹೊಸ ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು. ಸಾಹೇಬರ ಕಳ್ಳರು ಅಲ್ಲಿಗೇ ಮುಗಿದರು.

ಆದರೂ ಉಜ್ಜಪ್ಪ ಒಂದು ಮಾತು ಕೇಳಿದ. ಡಾಕ್ಟರ ಮೇಲೆ ನಿಮಗೆ ಅಷ್ಟೊಂದು ಕೋಪವೇಕೆ, ರಕ್ತ ಕೊಟ್ಟರೆ ಏನು ಹೋಯಿತು ಎಂದ.

"ರಕ್ತದ ಮಾತು ಬಿಡು ಮಾರಾಯ," ಎಂದಳು ಮೂಕಮ್ಮ. "ಎರಡು ದಿನ ಉಂಡ್ರೆ ಮತ್ತೆ ತುಂಬ್ತದೆ. ಈ ಡಾಕ್ಟ್ರಮ್ಮ ಮಾಂಸ ಕತ್ತರಿಸ್ತಾಳಂತಲ್ಲ. ಅದು ತುಂಬ್ತದಾ? ಪೂರ್ತಿ ಬಂದೋರು ಪೂರ್ತಿ ಮಣ್ಣಿಗೆ ಹೋಗ್ಬೇಕು. ತುಂಡು ಒಂದ್ಕಡೆ, ಜೀವ ಒಂದ್ಕಡೆ ಆದ್ರೆ ಮುಕ್ತಿ ಉಂಟಾ?"

ಕೂಸಿನ ಹೊಕ್ಕುಳಬಳ್ಳಿಯನ್ನೂ ನಾವು ಹಿತ್ತಲಲ್ಲೇ ಹೂಳುವವರು, ಬೇರೆಯವರ ಕೈಗೆ ಕೊಡುವುದಿಲ್ಲ ಎಂದಳು. ಹೇಳುವಾಗ ಸೆರಗಿನ ತುದಿಯನ್ನು ಎಡಗೆನ್ನೆಗೆ ಒತ್ತಿ ಹಿಡಿದಿದ್ದಳು. ಮಜ್ಜಿಗೆ ಕೊಡುವಾಗಲೂ ಹಾಗೇ ಹಿಡಿದಿದ್ದಳು.

ನೀನು ಡಾಕ್ಟರಮ್ಮನಿಗೆ ಬಾಯಿ ತೋರಿಸಿದೆಯಾ ಎಂದು ಉಜ್ಜಪ್ಪ ಕೇಳಿದ.

"ನಂಗೆಂತ ಆಗ್ಯದೆ ತೋರ್ಸೋಕೆ?" ಎಂದು ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು. ಸೆರಗು ಮಾತ್ರ ಕೆನ್ನೆ ಬಿಡಲಿಲ್ಲ.

* * *

ಎರಡನೆಯ ಅನುಮಾನ ಉಜ್ಜಪ್ಪನ ಸ್ವಂತದ್ದು. ಶಿಕಾರಿಪುರದ ವೀರಬಸಪ್ಪ. ಹೊಗೆಸೊಪ್ಪಿನ ದೊಡ್ಡ ವ್ಯಾಪಾರಿ. ಆ ಡಾಕ್ಟರಮ್ಮ ಇನ್ನೊಂದು ತಿಂಗಳು ಇದ್ದರೆ ನಾನು ಅಂಗಡಿಗೆ ಬೀಗ ಹಾಕಿ ಭಜನೆ ಮಾಡಬೇಕಾಗುತ್ತದೆ ಎಂದು ಪೇಟೆಯ ನಡುವೆ ನಿಂತು ಹೇಳಿದ್ದ. ನಿನ್ನೆ ಸೊರಬದ ಸಂತೆಗೆ ಹೊಗೆಸೊಪ್ಪಿನ ಹೊರೆ ತಂದಿದ್ದ ಎನ್ನುವುದೂ ನಿಜ.

ಮಧ್ಯಾಹ್ನದ ಬಸ್ಸಿನಲ್ಲಿ ಉಜ್ಜಪ್ಪ ಶಿಕಾರಿಪುರಕ್ಕೆ ಹೋದ. ಅಂಗಡಿಗೆ ಕಾಲಿಟ್ಟೊಡನೆ ಘಾಟಿಗೆ ಸೀನು ಬಂತು. ಒಂದಾದ ಮೇಲೊಂದು ಬಂತು. ಪೊಲೀಸಿನವನು ಕಳ್ಳನನ್ನು ಹೆದರಿಸುವುದಕ್ಕೆ ಇದು ಒಳ್ಳೆಯ ಆರಂಭವಲ್ಲ.

ವೀರಬಸಪ್ಪ ನಗುತ್ತ ಗಾದಿಯ ಮೇಲೆ ಜಾಗ ಮಾಡಿಕೊಟ್ಟ. ವಿಷಯ ಕೇಳಿದ ಮೇಲೆ ನಗು ನಿಲ್ಲಿಸಿದ. ಎದ್ದು ಅಂಗಡಿಯ ಒಳಬಾಗಿಲು ಮುಂದೆ ಮಾಡಿದ. ಬೆಳಕಿನ ಕಡೆಗೆ ತಿರುಗಿ ಬಾಯಿ ತೆರೆದು, ಬೆರಳಿನಿಂದ ಕೆನ್ನೆ ಎಳೆದು ತೋರಿಸಿದ. ಒಳಗೆ ಕರಿ ದಾರದ ಸಣ್ಣ ಹೊಲಿಗೆ ಇತ್ತು.

"ಮನ್ಯಾಗ ಹೇಳಿಲ್ರಿ," ಎಂದ ಸಣ್ಣ ದನಿಯಲ್ಲಿ. "ಕೆಂಪು ಪೆಟಿಗಿಯಾಗ ನಂದೂ ಒಂದು ಸೀಸೆ ಐತಿ. ನಾನು ಕದಿಯೋದಾದ್ರ ಅದನ್ನ ಕದೀತಿದ್ದೆ. ಕದಿಯಂಗಿಲ್ಲ. ನನಗ ಬದುಕಬೇಕಾಗೈತ್ರಿ."

ಈ ಮನುಷ್ಯನ ಮೇಲೆ ಅನುಮಾನ ಪಟ್ಟೆನಲ್ಲ ಎಂದು ಉಜ್ಜಪ್ಪನಿಗೆ ಮುಜುಗರವಾಯಿತು. ಮಾತು ಬದಲಿಸಲು ಜೇಬಿನ ಕರವಸ್ತ್ರ ಬಿಡಿಸಿ, ಕಳ್ಳ ಇಟ್ಟು ಹೋದ ಎಲೆಯನ್ನು ತೋರಿಸಿದ. ಎಲೆ ಅಡಿಕೆಯಲ್ಲೇ ಕೂದಲು ಬೆಳ್ಳಗಾದವನು, ನೋಡಿ ಏನಾದರೂ ಹೇಳಲಿ ಎಂದುಕೊಂಡ.

ವೀರಬಸಪ್ಪ ಎಲೆಯನ್ನು ಮಗುಚಿ ಹಾಕಿದ. ಬೆನ್ನಿನ ಮೇಲೆ ಬೆರಳಾಡಿಸಿದ.

"ಕಳ್ಳ ಯಾವನಾದ್ರೂ ಇಷ್ಟು ಸಾವಕಾಶ ಎಲಿ ಮಾಡ್ತಾನೇನ್ರಿ? ತೊಟ್ಟು ತೆಗ್ದಾನ, ಬೆನ್ನಿನ ನಾರೆಲ್ಲ ಎಳ್ದಾನ. ಅಡಕಿ ನೋಡ್ರಿ, ಹೂವಿನ ಎಸಳಿನಂಗ ಹೆರ್ದಾನ. ಯಾರಿಗೋ ನಾರು ಗಂಟಲಿಗೆ ಸಿಗಬಾರದು ಅಂತ ದಿನಾ ಮಾಡಿ ಮಾಡಿ ಕೈಗೆ ಬಂದಿರೋ ಕೆಲಸ ಇದು."

ಉಜ್ಜಪ್ಪ ಎಲೆಯನ್ನು ಕೈಗೆ ತೆಗೆದುಕೊಂಡು ಅದರ ಬೆನ್ನಿನ ಮೇಲೆ ತಾನೂ ಬೆರಳಾಡಿಸಿದ.

ಎಲ್ಲಿ ನೋಡಿದ್ದೆ ಎನ್ನುವುದು ಈಗ ನೆನಪಾಯಿತು. ದಿನಾ ಸಂಜೆ ನೋಡಿದ್ದ, ಮೀಸೆ ಮೂಡುವ ತನಕ ನೋಡಿದ್ದ. ಗಂಡನ ಮನೆಗೆ ಹೊಸದಾಗಿ ಬಂದ ಅಕ್ಕ ಒಂದು ಸಂಜೆ ಎಲೆ ಹಾಕಿಕೊಂಡು, ನಾರು ಗಂಟಲಿಗೆ ಸಿಕ್ಕಿ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಮನೆಯವರೆಲ್ಲ ನಕ್ಕಿದ್ದರು. ಭಾವ ಒಬ್ಬರೇ ನಗಲಿಲ್ಲ. ಮರುದಿನದಿಂದ ಅವಳ ಎಲೆಯನ್ನು ಅವರೇ ಮಾಡಿಕೊಡತೊಡಗಿದ್ದರು. ಉಗುರಿನಿಂದ ಒಂದೊಂದೇ ನಾರು ಎಳೆದು.

* * *

ರಾತ್ರಿ ಅವನು ಸೊರಬಕ್ಕೆ ವಾಪಸ್ ಬಂದ. ಬೆಳಗಿನ ಮೊದಲ ಬಸ್ಸಿಗೆ ಚಂದ್ರಗುತ್ತಿಗೆ ಹೊರಟ. ಬಸ್ಸಿನಲ್ಲಿ ಕೂತು ತನಗೆ ತಾನೇ ಎಷ್ಟೋ ಸಮಾಧಾನ ಹೇಳಿಕೊಂಡ. ಎಲೆಯ ನಾರು ತೆಗೆಯುವವರು ತಾಲ್ಲೂಕಿನಲ್ಲಿ ಇನ್ನೂ ನೂರು ಜನ ಇರಬಹುದು. ಭಾವ ಜಟ್ಟಪ್ಪ ಎಂದರೆ ಇನ್ನೊಬ್ಬರ ಬೇಲಿಯ ಕಡ್ಡಿ ಮುಟ್ಟುವವರಲ್ಲ. ಆದರೆ ಸಮಾಧಾನ ಹೇಳುತ್ತಿದ್ದವನೂ ಪೊಲೀಸಿನವನು, ಕೇಳುತ್ತಿದ್ದವನೂ ಪೊಲೀಸಿನವನು. ಹಾಗಾಗಿ ಯಾರೂ ನಂಬಲಿಲ್ಲ.

ಭಾವ ಜಗಲಿಯ ಮೇಲೆ ಕೂತಿದ್ದರು. ಮುಂದೆ ಎಲೆಯ ಸಂಚಿ ಬಿಚ್ಚಿತ್ತು. ಮೈದುನನನ್ನು, ಅವನ ಸಮವಸ್ತ್ರವನ್ನು ನೋಡಿ, "ಬಾ" ಎಂದರು. ಅವರು ಮಾತಾಡುವುದೇ ಅಷ್ಟು. ಅಕ್ಕ ಒಳಗಿಂದ ಓಡಿಬಂದು, ಸೊರಗಿದ್ದೀಯಲ್ಲೋ ತಮ್ಮಾ ಎಂದಳು. ಉಜ್ಜಪ್ಪನನ್ನು ನೋಡಿ ಹಾಗೆ ಹೇಳಬಲ್ಲವಳು ಭೂಮಿಯ ಮೇಲೆ ಅವಳೊಬ್ಬಳೇ.

ಕಾಲು ತೊಳೆಯಲು ಅವನು ಹಿತ್ತಲಿಗೆ ಹೋದ. ದಾಸವಾಳದ ಗಿಡದ ಬುಡದಲ್ಲಿ ಏನೋ ಹಸಿರು ಕಂಡಿತು. ಬಗ್ಗಿ ನೋಡಿದ. ಮಡಿಸಿದ ಎಲೆಗಳು. ಒಂದು ಒಣಗಿತ್ತು, ಒಂದು ಬಾಡಿತ್ತು, ಒಂದು ನಿನ್ನೆಯದು. ಯಾವುದನ್ನೂ ಅಗಿದಿರಲಿಲ್ಲ. ಒಂದನ್ನು ಬಿಡಿಸಿದ. ಸುಣ್ಣ, ಸಣ್ಣಗೆ ಹೆರೆದ ಅಡಿಕೆ, ಒಂದೆಸಳು ಹೊಗೆಸೊಪ್ಪು. ಎಲೆಯ ಬೆನ್ನಿನಲ್ಲಿ ಒಂದೂ ನಾರಿಲ್ಲ.

ಹಿಂದೆ ಬಳೆಯ ಸದ್ದಾಯಿತು. ಅಕ್ಕ ತಂಬಿಗೆ ಹಿಡಿದು ನಿಂತಿದ್ದಳು. ಸಿಕ್ಕಿಬಿದ್ದ ಮಗುವಿನ ಮುಖ.

"ಅವ್ರಿಗೆ ಹೇಳ್ಬ್ಯಾಡ," ಎಂದಳು ಮೆಲ್ಲಗೆ.

ಬಾಯಿ ನೋಡಿದ ದಿನವೇ ನಿರ್ಮಲಮ್ಮ ಅವಳನ್ನು ಪಕ್ಕಕ್ಕೆ ಕರೆದು ಕೇಳಿದ್ದರಂತೆ, ಎಲೆಯನ್ನು ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀಯ ಎಂದು. ಬಲಗೆನ್ನೆ. ಹುಣ್ಣು ಇದ್ದದ್ದೂ ಅಲ್ಲೇ. ಹೊಗೆಸೊಪ್ಪಿನ ಮೇಲೆ ನಮಗೆ ಬಲವಾದ ಅನುಮಾನ, ಇವತ್ತಿನಿಂದಲೇ ಎಲೆ ಬಿಡು ಎಂದಿದ್ದರು. ಅಕ್ಕ ಬಿಟ್ಟಿದ್ದಳು. ಆದರೆ ಸಂಜೆಯಾದರೆ ಗಂಡ ಎಲೆ ಮಾಡಿ ಕೈ ನೀಡುತ್ತಾನೆ. ಅವಳು ತೆಗೆದುಕೊಂಡು, ಬಾಯಿಗೆ ಹಾಕಿಕೊಂಡಂತೆ ಮಾಡಿ, ಹಿತ್ತಲಿಗೆ ಬಂದು ಎಸೆಯುತ್ತಾಳೆ.

"ನಲವತ್ತೈದು ವರ್ಷದಿಂದ ಕೈಯಾರೆ ಮಾಡ್ಕೊಟ್ಟಾರೆ ಕಣೋ. ಅದ್ರಿಂದ್ಲೇ ಹುಣ್ಣಾತು ಅಂತ ಹೆಂಗೆ ಹೇಳ್ಲಿ? ನಾನು ಉಳ್ದ್ರೂ ಅವ್ರು ಉಳೀತಾರಾ?"

ಉಜ್ಜಪ್ಪ ತಂಬಿಗೆಯ ನೀರನ್ನು ಕಾಲಿಗೆ ಹಾಕಿಕೊಳ್ಳುವುದು ಬಿಟ್ಟು ಮುಖಕ್ಕೆ ಹಾಕಿಕೊಂಡ. ಈ ಮನೆಯಲ್ಲಿ ಯಾರನ್ನು ಹಿಡಿಯಲು ಬಂದೆ ಎಂದು ಒಂದು ಗಳಿಗೆ ಅವನಿಗೇ ಮರೆತುಹೋಯಿತು.

ಜಗಲಿಗೆ ಹೋಗಿ ಭಾವನ ಪಕ್ಕ ಕೂತ. ಜೇಬಿನ ಕರವಸ್ತ್ರ ತೆಗೆದು, ಬಿಡಿಸಿ, ಸಂಚಿಯ ಪಕ್ಕ ಇಟ್ಟ. ಬಂಗಲೆಯ ಎಲೆ ಬಾಡಿತ್ತು. ಭಾವನ ಕೈಯಲ್ಲಿದ್ದ ಎಲೆ ಇನ್ನೂ ಹಸಿರಾಗಿತ್ತು, ಅರ್ಧ ನಾರು ತೆಗೆದಿತ್ತು. ಎರಡೂ ಒಂದೇ ಕೈಯ ಕೆಲಸ ಎಂದು ತಿಳಿಯಲು ಕುರುಡನಿಗೂ ಕಷ್ಟವಿರಲಿಲ್ಲ.

ಜಟ್ಟಪ್ಪ ಕೈಯಲ್ಲಿದ್ದ ಎಲೆಯನ್ನು ಸಂಚಿಯ ಮೇಲೆ ಇಟ್ಟರು. ಆಮೇಲೆ ಎದ್ದು ಒಳಗೆ ಹೋಗಿ ಭತ್ತದ ಕಣಜದ ಬಾಯಿ ತೆರೆದರು. ಮೂಗು ಸುಡುವ ಔಷಧಿಯ ವಾಸನೆ ಬಂತು. ಭತ್ತದೊಳಗೆ ಕೈ ಇಳಿಸಿ, ಕಂಬಳಿ ಸುತ್ತಿದ ಹಸಿರು ಪೆಟ್ಟಿಗೆಯನ್ನು ಹಸುಗೂಸನ್ನು ಎತ್ತುವ ಹಾಗೆ ಎತ್ತಿದರು. ಸೀಸೆ ಒಂದೂ ಒಡೆದಿರಲಿಲ್ಲ. ಮುಚ್ಚಳ ಒಂದೂ ಸಡಿಲವಾಗಿರಲಿಲ್ಲ.

ಅಕ್ಕ ಬಾಗಿಲು ಹಿಡಿದು ನಿಂತಿದ್ದಳು. ಪೆಟ್ಟಿಗೆಯ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ.

"ಹಿತ್ಲಲ್ಲಿ ಹೂಳೋಣ ಅಂತ ತಂದೆ," ಎಂದರು ಜಟ್ಟಪ್ಪ. "ಮಕ್ಕಳ ಹೊಕ್ಕುಳಬಳ್ಳಿ ಹೂಳಿದ ಜಾಗದಲ್ಲಿ. ಇವಳು ನಮ್ಮನೆಗೆ ಪೂರ್ತಿ ಬಂದೋಳು. ಒಂದು ತುಂಡು ಬೆಂಗಳೂರಲ್ಲಿ ಅನಾಥ ಆಗೋದು ಬ್ಯಾಡ ಅನ್ಸ್ತು."

ಹಾಗಾದರೆ ಹೂಳಲಿಲ್ಲವೇಕೆ ಎಂದು ಉಜ್ಜಪ್ಪ ಕೇಳಿದ.

"ಇವಳದು ಯಾವ್ದು ಅಂತ ಗೊತ್ತಾಗ್ಲಿಲ್ಲ. ಬ್ಯಾರೆಯವ್ರದ್ದನ್ನ ನನ್ನ ಮಣ್ಣಿಗೆ ಹಾಕೋಕೆ ನಾನ್ಯಾರು?"

* * *

ಮಧ್ಯಾಹ್ನದ ಹೊತ್ತಿಗೆ ಮೂವರೂ ಬಂಗಲೆಗೆ ಬಂದರು. ಪೆಟ್ಟಿಗೆ ಭಾವನ ತೊಡೆಯ ಮೇಲಿತ್ತು. ಬಸ್ಸಿನಲ್ಲಿ ಬೇರೆಯವರ ಕೈಗೆ ಕೊಟ್ಟಿರಲಿಲ್ಲ. ನಿರ್ಮಲಮ್ಮ ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಎಲ್ಲವೂ ಸರಿಯಾಗಿವೆ ಎಂದು ಕುರ್ಚಿಗೆ ಒರಗಿದರು. ಸಬ್ ಇನ್ಸ್‌ಪೆಕ್ಟರ್ ಸಾಹೇಬರೂ ಬಂದಿದ್ದರು. ಕಳ್ಳರು ಕ್ಯಾಸನೂರಿನವರಲ್ಲ ಎಂದು ಅವರಿಗೆ ಸ್ವಲ್ಪ ನಿರಾಸೆಯಾಗಿತ್ತು. ಹೇಗೆ ಪತ್ತೆ ಹಚ್ಚಿದೆ ಹೇಳು ಎಂದರು.

ಉಜ್ಜಪ್ಪ ನಿಂತುಕೊಂಡೇ ಹೇಳಿದ. ಡಾಕ್ಟರ ಮೇಲೆ ಸಿಟ್ಟಿದ್ದವನು ಸೀಸೆಗಳನ್ನು ಅಲ್ಲೇ ಒಡೆದು ಹಾಕುತ್ತಿದ್ದ, ಹೊರುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ಹೊಟ್ಟೆಪಾಡಿಗೆ ಕದಿಯುವವನು ಕೈಗಡಿಯಾರ ಬಿಡುತ್ತಿರಲಿಲ್ಲ. ಬೇರು ಕೀಳುವ ನಾಟಿ ವೈದ್ಯ ಗಿಡದ ಬುಡಕ್ಕೆ ಎಲೆ ಅಡಿಕೆ ಇಟ್ಟು ಅಪ್ಪಣೆ ಕೇಳುತ್ತಾನೆ. ಇಲ್ಲಿ ಎಲೆ ಇಟ್ಟವನೂ ಅಪ್ಪಣೆ ಕೇಳಿಯೇ ತೆಗೆದುಕೊಂಡ. ಅಂದರೆ ತನಗೆ ಸೇರಿದ ಯಾವುದನ್ನೋ ವಾಪಸ್ ಒಯ್ಯಲು ಬಂದವನು. ತನ್ನದು ಒಂದೇ ಸೀಸೆಯಾದರೂ ಇಡೀ ಪೆಟ್ಟಿಗೆ ಒಯ್ದ. ಸೀಸೆಗಳ ಮೇಲೆ ಇದ್ದದ್ದು ನಂಬರು ಮಾತ್ರ, ಹೆಸರಲ್ಲ. ಯಾವುದು ಯಾರದೆಂದು ಬಂಗಲೆಯ ಒಳಗಿನವರಿಗೆ ಗೊತ್ತು, ಇವನಿಗೆ ಗೊತ್ತಿರಲಿಲ್ಲ. ಹಾಗಾಗಿ ಒಳಗಿನವರಲ್ಲ, ಹಳ್ಳಿಯ ರೋಗಿಯ ಕಡೆಯವನು. ಸಂತೆಗೆ ಬಂದು ಜಗಲಿಯಲ್ಲಿ ಮಲಗಿದವನು. ಏಕೆ ಒಯ್ದ ಎನ್ನುವುದನ್ನು ಮೂಕಮ್ಮ ಗೊತ್ತಿಲ್ಲದೆಯೇ ಹೇಳಿದಳು. ಯಾರು ಒಯ್ದ ಎನ್ನುವುದನ್ನು ವೀರಬಸಪ್ಪ ಗೊತ್ತಿಲ್ಲದೆಯೇ ಹೇಳಿದ.

"ಎಲೆ ಹಿಡಿದರೆ ಭಾವನ ಕೈ ನಾರು ತೆಗೆಯದೆ ಬಿಡೋದಿಲ್ಲ, ಸ್ವಾಮಿ," ಎಂದ ಕೊನೆಗೆ. "ಕದಿಯೋಕೆ ಬಂದಾಗಲೂ ಬಿಡಲಿಲ್ಲ."

ಸಾಹೇಬರು ಕೆಮ್ಮಿದರು. ಪೆಟ್ಟಿಗೆಯನ್ನು ಯಾರೋ ತಪ್ಪು ತಿಳಿದು ಒಯ್ದಿದ್ದರು, ತಾವಾಗಿ ತಂದುಕೊಟ್ಟರು, ಇದರಲ್ಲಿ ಪೊಲೀಸಿನ ಕೆಲಸ ಏನೂ ಕಾಣುವುದಿಲ್ಲ ಎಂದು ಊಟಕ್ಕೆ ಎದ್ದು ಹೋದರು. ಅವರ ಬಗ್ಗೆ ಉಜ್ಜಪ್ಪನಿಗೆ ಇದ್ದ ಗೌರವ ಅಂದು ಒಂದು ತೂಕ ಹೆಚ್ಚಾಯಿತು.

ನಿರ್ಮಲಮ್ಮ ಮಾತ್ರ ಯೋಚಿಸುತ್ತ ಕೂತಿದ್ದರು. ಮೂಕಮ್ಮನ ಸೆರಗಿನ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಪೇಟೆಯವರು ಆಸ್ಪತ್ರೆ ಕಂಡವರು, ನೋವಾದರೆ ಬಂದು ಬಾಯಿ ತೋರಿಸುತ್ತಾರೆ. ವರ್ಷ ವರ್ಷವೂ ಹೆಚ್ಚು ಜನ ತೋರಿಸುತ್ತಿದ್ದಾರೆ, ಅದಕ್ಕೇ ಲೆಕ್ಕವೂ ಏರುತ್ತಿದೆ. ಹಳ್ಳಿಯವರು ಹುಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಾರೆ.

"ರೋಗ ಕಡಿಮೆ ಅಂತ ನಾನು ಬರೆಯೋಕೆ ಹೊರಟಿದ್ದೆ," ಎಂದರು. "ಕಡಿಮೆ ಇದ್ದದ್ದು ನನ್ನ ಮೇಲಿನ ನಂಬಿಕೆ."

ಜಟ್ಟಪ್ಪನ ಕಡೆಗೆ ತಿರುಗಿ, ನೋಡುವ ಕೆಲಸ ಮುಗಿದ ಮೇಲೆ ಪ್ರತಿಯೊಂದು ತುಂಡನ್ನೂ ಅವರವರ ಮನೆಗೆ ವಾಪಸ್ ಕಳಿಸುತ್ತೇನೆ ಎಂದು ಮಾತು ಕೊಟ್ಟರು. ಜಟ್ಟಪ್ಪ ಎರಡೂ ಕೈ ಎತ್ತಿ ಮುಗಿದರು. ಆಮೇಲೆ ಅವರು ಕೇಳಬಾರದೆಂದು ಉಜ್ಜಪ್ಪ ಬೇಡಿಕೊಳ್ಳುತ್ತಿದ್ದ ಪ್ರಶ್ನೆಯನ್ನೇ ಕೇಳಿದರು.

"ಇದು ಇವಳಿಗೆ ಯಾಕೆ ಬಂತು, ಅಮ್ಮಾ?"

ಡಾಕ್ಟರು ಉಜ್ಜಪ್ಪನನ್ನು ನೋಡಿದರು. ಉಜ್ಜಪ್ಪ ಗೋಡೆಯನ್ನು ನೋಡಿದ. ಉತ್ತರ ಕೊಟ್ಟವಳು ತುಂಗಮ್ಮ.

"ಹೊಗೆಸೊಪ್ಪಂತೆ ಕಣ್ರಿ. ನನ್ನ ಬಾಯಿ, ನಾನೇ ಕೇಳಿ ಹಾಕಿಸ್ಕಂಡಿದ್ದು. ನೀವು ನಾರು ಮಾತ್ರ ತೆಗ್ದ್ರಿ. ನಿಮ್ಮ ಕೈಯಿಂದ ನಂಗೆ ಕೆಟ್ಟದ್ದು ಯಾವತ್ತೂ ಬಂದಿಲ್ಲ."

ಜಟ್ಟಪ್ಪ ತಮ್ಮ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತ ಕೂತರು. ಹೆಬ್ಬೆರಳಿನ ಉಗುರು ಎಲೆಯ ರಸಕ್ಕೆ ಕಪ್ಪಾಗಿತ್ತು. ಆ ಕೈಯ ಮೇಲೆ ತುಂಗಮ್ಮ ತನ್ನ ಕೈ ಇಟ್ಟಳು. ನಾಲ್ಕು ಜನರ ಮುಂದೆ ಹಾಗೆ ಅವಳು ಹಿಂದೆಂದೂ ಮಾಡಿರಲಿಲ್ಲ. ಉಜ್ಜಪ್ಪ ಜೀಪಿಗೆ ಪೆಟ್ಟಿಗೆ ಏರಿಸುವ ನೆಪ ಮಾಡಿಕೊಂಡು ಹೊರಗೆ ಹೋದ.

* * *

ಸೀಸೆಯ ಉತ್ತರ ಕ್ಯಾನ್ಸರ್ ಹೌದು ಎಂದೇ ಬಂತು. ಚಿಕ್ಕದು ಎನ್ನುವುದೂ ನಿಜವಾಯಿತು. ತುಂಗಮ್ಮ ಬೆಂಗಳೂರಿಗೆ ಹೋದಳು. ಎರಡನೆಯ ಸಲ ಬಾಯಿ ತೆರೆಯುವುದಿಲ್ಲ ಎಂದವಳು ಎಷ್ಟು ಸಲ ತೆರೆದಳೋ ಲೆಕ್ಕವಿಲ್ಲ. ಮಳೆಗಾಲಕ್ಕೆ ಮುಂಚೆ ವಾಪಸ್ ಬಂದಳು. ಬಲಗೆನ್ನೆ ಒಳಗೆ ಹೋಗಿತ್ತು. ನಕ್ಕರೆ ಮುಖ ಒಂದು ಕಡೆ ವಾಲುತ್ತಿತ್ತು. ಆದರೂ ನಗುತ್ತಿದ್ದಳು.

ಅವಳ ಜೊತೆಗೇ ಸೀಸೆಯೂ ಬಂತು. ಉಳಿದ ಸೀಸೆಗಳೂ ಆಯಾ ಊರಿಗೆ ಬಂದವು. ತುಂಡು ವಾಪಸ್ ಬರುತ್ತದಂತೆ ಎನ್ನುವ ಸುದ್ದಿ ಹಬ್ಬಿತು. ನಿರ್ಮಲಮ್ಮ ಎರಡನೆಯ ಸಲ ಬಂದಾಗ ಬಂಗಲೆಯ ಮುಂದೆ ಹಳ್ಳಿಯ ಹೆಂಗಸರು ಸಾಲಾಗಿ ಕೂತಿದ್ದರು. ಮೊದಲು ಕೂತವಳು ಮೂಕಮ್ಮ. ಆ ಸಲದ ಲೆಕ್ಕದಲ್ಲಿ ಪೇಟೆಗೂ ಹಳ್ಳಿಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ.

ಅಕ್ಕ ಊರಿಗೆ ಬಂದ ದಿನ ಉಜ್ಜಪ್ಪನೂ ಚಂದ್ರಗುತ್ತಿಗೆ ಹೋದ. ಕೈಯಲ್ಲಿ ಒಂದು ಬುಟ್ಟಿ ಕಿತ್ತಳೆ ಇತ್ತು. ಶಿಕಾರಿಪುರದಿಂದ ವೀರಬಸಪ್ಪ ಕಳಿಸಿದ್ದ. ಅವನ ಸೀಸೆಯ ಉತ್ತರ ಕ್ಯಾನ್ಸರ್ ಅಲ್ಲ ಎಂದು ಬಂದಿತ್ತು. ಖುಷಿಗೆ ಹಣ್ಣು ಹಂಚುತ್ತಿದ್ದ. ಹೊಗೆಸೊಪ್ಪು ಮಾರುವುದನ್ನು ಬಿಡಲು ಇನ್ನೂ ಧೈರ್ಯ ಬಂದಿಲ್ಲ, ತಿನ್ನುವುದನ್ನು ಬಿಟ್ಟಿದ್ದೇನೆ ಎಂದು ಹೇಳಿಕಳಿಸಿದ್ದ.

ಜಟ್ಟಪ್ಪ ಹಿತ್ತಲಲ್ಲಿ ಗುಂಡಿ ತೆಗೆದರು. ತುಂಡನ್ನು ಬಾಳೆಲೆಯಲ್ಲಿ ಇಟ್ಟು ಇಳಿಸಿದರು. ಅಕ್ಕಿ ಕಾಳು ಹಾಕಿದರು. ಆಮೇಲೆ ಸೊಂಟದ ಎಲೆಸಂಚಿಯನ್ನು ಬಿಚ್ಚಿ, ಅದನ್ನೂ ಗುಂಡಿಗೆ ಹಾಕಿ ಮಣ್ಣು ಎಳೆದರು. ಸಂಚಿ ಅವರ ಅಪ್ಪನ ಕಾಲದ್ದು.

ಸಂಜೆಯಾಯಿತು. ಎಲೆಯ ಹೊತ್ತು. ಜಟ್ಟಪ್ಪನ ಕೈಗಳು ಜಗಲಿಯ ಮೇಲೆ ಸುಮ್ಮನೆ ಬಿದ್ದಿದ್ದವು. ನೋಡಲಾರದೆ ಉಜ್ಜಪ್ಪ ಎದ್ದು ಹೊರಡಲು ಟೋಪಿ ತೆಗೆದುಕೊಂಡ.

ಆಗ ಭಾವ ಬುಟ್ಟಿಗೆ ಕೈ ಹಾಕಿ ಒಂದು ಕಿತ್ತಳೆ ತೆಗೆದರು. ಸಿಪ್ಪೆ ಸುಲಿದು ತೊಳೆ ಬಿಡಿಸಿದರು. ಕರಿ ಉಗುರಿನ ಹೆಬ್ಬೆರಳಿನಿಂದ, ಒಂದೊಂದು ತೊಳೆಯ ಮೇಲಿನ ಬಿಳಿಯ ನಾರನ್ನೂ ಮೆಲ್ಲಗೆ ಎಳೆಯತೊಡಗಿದರು. ಒಂದು ಎಳೆಯೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಕೈ ನೀಡಿದರು. ಅಕ್ಕ ಅದನ್ನು ತೆಗೆದುಕೊಂಡು ಎಡಗೆನ್ನೆಯಲ್ಲಿ ಇಟ್ಟುಕೊಂಡಳು. ಈ ಸಲ ಹಿತ್ತಲಿಗೆ ಹೋಗಲಿಲ್ಲ.